ಪಕ್ಕದ ಸೀಟಿನ ಬ್ರೇಕು

ಡ್ರೈವಿಂಗ್ ಕಲಿಸುವವರ ಬಲಗಾಲಿನ ಚಪ್ಪಲಿ ಎಡಗಾಲಿನದಕ್ಕಿಂತ ಬೇಗ ಸವೆಯುತ್ತದೆ. ಊಹಿಸಿ ಹೇಳುತ್ತಿಲ್ಲ, ನಮ್ಮ ಕಟ್ಟಡದ ಕೆಳಮನೆಯ ಬಾಗಿಲಲ್ಲಿ ವರ್ಷಗಟ್ಟಲೆ ನೋಡಿದ್ದೇನೆ. ಎಡಗಾಲಿನದು ಅಂಗಡಿಯಿಂದ ತಂದ ಹಾಗೆಯೇ ಇರುವಾಗ ಬಲಗಾಲಿನದು ಮುಂಭಾಗದಲ್ಲಿ ಕಾಗದದಷ್ಟು ತೆಳ್ಳಗಾಗಿರುತ್ತಿತ್ತು. ಆ ಚಪ್ಪಲಿಯ ಒಡತಿಗೆ ಅವಳಲ್ಲಿ ಕಲಿತವರು ಇಟ್ಟ ಹೆಸರು ಬ್ರೇಕಮ್ಮ. ಎದುರಿಗೆ ಮೇಡಂ, ಬೆನ್ನ ಹಿಂದೆ ಬ್ರೇಕಮ್ಮ. ಆಕೆಗೆ ಅದು ತಿಳಿದಿತ್ತು. "ಬೈಗುಳ ಅಲ್ವಲ್ಲ, ಮಾಡೋ ಕೆಲಸಾನೇ ತಾನೆ" ಎಂದು ಸುಮ್ಮನಾಗಿದ್ದಳು.

ಕೆಲಸ ಹೀಗೆ. ಕಲಿಯುವವರು ಸ್ಟೇರಿಂಗ್ ಹಿಡಿದು ಕೂರುತ್ತಾರೆ, ಕಲಿಸುವವರು ಪಕ್ಕದ ಸೀಟಿನಲ್ಲಿ. ಕಲಿಸುವವರ ಕಾಲ ಬಳಿ ಇನ್ನೊಂದು ಬ್ರೇಕು ಇರುತ್ತದೆ, ಕಬ್ಬಿಣದ ಸರಳಿನಿಂದ ಮೊದಲನೆಯದಕ್ಕೆ ಬಿಗಿದದ್ದು. ಕಲಿಯುವವರು ಗಾಬರಿಯಲ್ಲಿ ಬ್ರೇಕಿನ ಬದಲು ಆಕ್ಸಿಲರೇಟರ್ ತುಳಿದರೆ ಪಕ್ಕದ ಕಾಲು ಗಾಡಿಯನ್ನು ನಿಲ್ಲಿಸುತ್ತದೆ. ಇಡೀ ದಿನ ಆಕೆಯ ಬಲಗಾಲು ನೆಲದಿಂದ ಒಂದಿಷ್ಟು ಮೇಲೆ, ಗಾಳಿಯಲ್ಲಿ, ಕಾಯುತ್ತ ನಿಂತಿರುತ್ತಿತ್ತು. ಮಂಡಿ ಹೋದದ್ದು ಅದರಿಂದಲೇ ಎಂದು ವೈದ್ಯರು ಹೇಳಿದಾಗ, "ಇನ್ನೇನು ಮತ್ತೆ, ಕುಣಿದಂತೂ ಹೋಗಿಲ್ಲ" ಎಂದಳಂತೆ.

ಆಕೆ ಗಾಡಿ ಕಲಿತದ್ದು ಶೋಕಿಗಲ್ಲ. ಗಂಡ ಲಾಂಡ್ರಿಯೊಂದರ ವ್ಯಾನು ಓಡಿಸುತ್ತಿದ್ದ. ಹೋಟೆಲು, ಆಸ್ಪತ್ರೆಗಳಿಂದ ಕೊಳೆ ಚಾದರಗಳ ಗಂಟು ತರುವುದು, ಒಗೆದದ್ದನ್ನು ಹಿಂತಿರುಗಿಸುವುದು. ಚಿಕ್ಕ ವಯಸ್ಸಿನಲ್ಲೇ ಅವನ ಕಣ್ಣು ಮಂಜಾಗತೊಡಗಿತು. ಆ ಸಂಗತಿಯನ್ನು ಲಾಂಡ್ರಿಯವರಿಗೆ ತಿಳಿಸುವ ಬದಲು ಹೆಂಡತಿಗೆ ಓಡಿಸಲು ಕಲಿಸಿ ತಾನು ಪಕ್ಕದಲ್ಲಿ ಕೂತ. ದಾರಿ ಹೇಳುವುದು ಅವನು, ಓಡಿಸುವುದು ಇವಳು. ಎದುರಿಗೆ ಏನು ಬರುತ್ತಿದೆಯೆಂದು ಕಾಣದೆ, ಅವಳ ಉಸಿರು ಬಿಗಿಯಾದುದನ್ನು ಕೇಳಿಯೇ ಅವನು ಬರೀ ನೆಲವನ್ನು ಒತ್ತಿ ತುಳಿಯುತ್ತಿದ್ದ.

"ಅಲ್ಲೇನಿದೆ ಅಂತ ತುಳೀತೀರಾ?"

"ಏನೂ ಇಲ್ಲ ಅಂತ ನಂಗೊತ್ತು. ಕಾಲಿಗೆ ಗೊತ್ತಿಲ್ಲ."

ಅವನು ತೀರಿಕೊಂಡ ಮೇಲೆ ಲಾಂಡ್ರಿಯವರು ಬೇರೆ ಡ್ರೈವರನನ್ನು ಇಟ್ಟುಕೊಂಡರು. ಆಕೆ ಡ್ರೈವಿಂಗ್ ಶಾಲೆಗೆ ಸೇರಿದಳು. ಹೆಂಗಸರು ಹೆಂಗಸರ ಹತ್ತಿರವೇ ಕಲಿಯುತ್ತಾರೆಂದು ಶಾಲೆಯ ಮಾಲೀಕನ ಲೆಕ್ಕಾಚಾರ. ಅದು ತಪ್ಪಾಯಿತು, ಗಂಡಸರೂ ಆಕೆಯ ಬಳಿಗೇ ಬಂದರು, ಏಕೆಂದರೆ ಆಕೆ ಕಿರುಚುತ್ತಿರಲಿಲ್ಲ. ಕಿರುಚುವಷ್ಟು ಶಕ್ತಿಯನ್ನು ಬೇರೆಯವರ ತಪ್ಪಿಗೆ ಖರ್ಚು ಮಾಡುವ ಜಾಯಮಾನ ಆಕೆಯದಲ್ಲ.

ಆಕೆಯದೊಂದು ಪದ್ಧತಿಯಿತ್ತು. ಕೊನೆಯ ಪಾಠದ ದಿನ ಆಕೆ ಬಲಗಾಲಿನ ಚಪ್ಪಲಿ ಬಿಚ್ಚಿ ಪಕ್ಕಕ್ಕಿಡುತ್ತಿದ್ದಳು. ಎರಡನೆಯ ಬ್ರೇಕಿನ ಮೇಲೆ ಕಬ್ಬಿಣದ ಏಣುಗಳಿದ್ದವು. ಬರಿಗಾಲಲ್ಲಿ ಒತ್ತಿದರೆ ಅಂಗಾಲಿನಲ್ಲಿ ಗೆರೆ ಮೂಡುತ್ತದೆ, ಬಹಳ ಹೊತ್ತು ಉಳಿಯುತ್ತದೆ. ಪಾಠ ಮುಗಿದ ಮೇಲೆ ಆಕೆ ಕಾಲೆತ್ತಿ ಅಂಗಾಲು ತೋರಿಸಬೇಕು. ಗೆರೆಯಿದ್ದರೆ ಇನ್ನೊಂದು ವಾರ ಪಾಠ. ಗೆರೆಯಿಲ್ಲದಿದ್ದರೆ "ಇವರು ಸಿದ್ಧ" ಎಂಬ ಚೀಟಿಗೆ ಸಹಿ. ತನ್ನ ಮನಸ್ಸು ಮರುಗಬಹುದು, ಮಾತು ಜಾರಬಹುದು, ಅಂಗಾಲು ಮಾತ್ರ ಸುಳ್ಳು ಹೇಳುವುದಿಲ್ಲವೆಂದು ಆಕೆಯ ನಂಬಿಕೆ. ನಾನು ಕೆಲಸದಿಂದ ನಿವೃತ್ತಳಾದ ಮೇಲೆ ಆಕೆಯ ಹತ್ತಿರ ಕಲಿತೆ. ಮೊದಲ ಸಲ ಗೆರೆ ಬಿತ್ತು. ಜೀವಮಾನವಿಡೀ ಉತ್ತರಪತ್ರಿಕೆ ತಿದ್ದಿ ಎಷ್ಟೋ ಜನರನ್ನು ಫೇಲು ಮಾಡಿದವಳು ನಾನು; ವಾದಿಸಲಿಲ್ಲ.

ಇಷ್ಟು ಹೇಳಿದ್ದು ಆಮೇಲಿನದು ಅರ್ಥವಾಗಲಿ ಎಂದು. ಆ ಸಂಗತಿಯನ್ನು ಬ್ರೇಕಮ್ಮ ಒಮ್ಮೆ ಹೇಳಿದಳು, ಆಕೆಯ ಸೊಸೆ ಬೇರೆಯಾಗಿ ಇನ್ನೊಮ್ಮೆ ಹೇಳಿದಳು. ಎರಡೂ ಒಂದಕ್ಕೊಂದು ಹೊಂದಿದವು. ಅತ್ತೆ ಸೊಸೆಯರ ವಿಷಯದಲ್ಲಿ ಇದು ಅಪರೂಪ.

ಶಾಲೆಯ ಮಾಲೀಕ ಹಳೆಯ ಗಾಡಿಗಳನ್ನು ಒಂದೊಂದಾಗಿ ಮಾರಿ ಒಂದು ಎಲೆಕ್ಟ್ರಿಕ್ ಕಾರು ತಂದ. ಕೊನೆಯ ಹಳೆಯ ಗಾಡಿ ಗಿರಾಕಿಗಾಗಿ ಕಾಯುತ್ತ ಶೆಡ್ಡಿನ ಮೂಲೆಯಲ್ಲಿ ಹೊದಿಕೆ ಹೊದ್ದು ನಿಂತಿತ್ತು. ಹೊಸ ಕಾರಿನೊಳಗೆ ಒಂದು ಗುಂಡಿಯೂ ಇಲ್ಲ, ತಿರುಪುವಂಥದ್ದು ಏನೂ ಇಲ್ಲ. ನಡುವೆ ಅಡುಗೆಮನೆಯ ಕಿಟಕಿಯಂಥ ಒಂದು ಸ್ಕ್ರೀನ್, ಅಷ್ಟೆ.

"ಎಲ್ಲಾ ಟಚ್ಚು ಮೇಡಂ," ಎಂದ ಮಾಲೀಕ. ಮದುವೆ ಗಂಡಿನಷ್ಟು ಸಂತೋಷವಾಗಿದ್ದ.

"ಫ್ಯಾನೆಲ್ಲಿ?"

"ಒಳಗಿದೆ. ಇಲ್ಲಿ ಒತ್ತಿ, ಆಮೇಲೆ ಇಲ್ಲಿ, ಆಮೇಲೆ ಈ ಕಡೆ ತಳ್ಳಿ."

"ವೈಪರ್ರು?"

"ಅದೂ ಒಳಗೇ ಇದೆ."

"ಮಳೆ ಹೊರಗೆ ಬರುತ್ತೆ ಕಣಪ್ಪ."

ಅವನು ನಕ್ಕ. ಆಕೆ ಪಕ್ಕದ ಸೀಟಿಗೆ ಹೋಗಿ ಕೂತು ಕಾಲು ಚಾಚಿದಳು. ಕಾಲಿಗೆ ಸಿಕ್ಕಿದ್ದು ಮೆತ್ತನೆಯ ಚಾಪೆ.

"ನನ್ನ ಬ್ರೇಕೆಲ್ಲಿ?"

"ಅದರ ಕಿಟ್ ಬರ್ಬೇಕು. ಬರುತ್ತೆ. ಅಲ್ಲೀವರೆಗೆ ಗಾಡೀನೇ ನೋಡ್ಕೊಳ್ಳುತ್ತೆ. ಎದುರಿಗೆ ಏನಾದ್ರೂ ಬಂದ್ರೆ ತಾನೇ ಬ್ರೇಕ್ ಹಾಕ್ಕೊಳ್ಳುತ್ತೆ, ರಸ್ತೆ ಗೆರೆ ದಾಟಿದ್ರೆ ತಾನೇ ಸ್ಟೇರಿಂಗ್ ಎಳ್ಕೊಳ್ಳುತ್ತೆ. ನಿಮಗೂ ರೆಸ್ಟು."

"ಮಲಗಿದ್ರೆ ರೆಸ್ಟು. ಕೈಕಾಲು ಕಟ್ಟಿಸ್ಕೊಂಡು ಕೂತು ನೋಡೋದಕ್ಕೆ ಬೇರೆ ಹೆಸರಿದೆ."

ಅಲ್ಲಿಂದ ಆಕೆಯ ದಿನಗಳು ಬೇರೆ ಬಗೆಯಲ್ಲಿ ಉದ್ದವಾದವು. ಗಾಡಿ ಪ್ರತಿ ಸಲ ಚಾಲೂ ಆದಾಗಲೂ ನಿನ್ನೆಯದನ್ನೆಲ್ಲ ಮರೆತು ಏಳುತ್ತಿತ್ತು. ಸ್ಟೇರಿಂಗನ್ನು ತಾನೇ ಎಳೆದುಕೊಳ್ಳುವ ಆ ಉಪಕಾರವನ್ನು ಆಫ್ ಮಾಡದೆ ಯಾರಿಗೂ ಕಲಿಸಲಾಗದು. ಕಲಿಯುವವರ ಕೈಗೂ ಗಾಡಿಗೂ ಜಗ್ಗಾಟ. ಅದನ್ನು ಆಫ್ ಮಾಡಲು ಸ್ಕ್ರೀನಿನಲ್ಲಿ ಒಂದರೊಳಗೊಂದು ಪುಟ ತೆರೆಯುತ್ತ ಹೋಗಬೇಕು. ಪ್ರತಿ ಪಾಠಕ್ಕೂ ಹಾಗೆ. ಅದರ ಮೇಲೆ, ವಯಸ್ಸಾದವರ ಬೆರಳಿನ ತುದಿ ಒಣಗಿರುತ್ತದೆ. ಸ್ಕ್ರೀನಿಗೆ ಒಣ ಬೆರಳು ಬೆರಳೇ ಅಲ್ಲ. ಆಕೆ ಒತ್ತುವಳು, ಅದು ಕದಲದು. ಬೆರಳಿಗೆ ಬಾಯಿಂದ ಉಸಿರು ಬಿಟ್ಟು ಮತ್ತೆ ಒತ್ತುವಳು. "ನಾನು ಬದುಕಿದೀನಿ ಅಂತ ಇದಕ್ಕೆ ದಿನಾ ಸಾಕ್ಷಿ ಕೊಡ್ಬೇಕು" ಎಂದು ಗೊಣಗುವಳು.

ಬ್ರೇಕು ತಾನೇ ಹಾಕಿಕೊಳ್ಳುವುದನ್ನು ಮಾತ್ರ ರಸ್ತೆಯಲ್ಲಿ ಆಫ್ ಮಾಡಕೂಡದೆಂದು ಮಾಲೀಕನ ಕಟ್ಟಪ್ಪಣೆ. ಎರಡನೆಯ ಬ್ರೇಕಿಲ್ಲದ ಗಾಡಿಯಲ್ಲಿ ಅದು ಸರಿಯೇ ಎಂದು ಆಕೆಯೂ ಒಪ್ಪಿದ್ದಳು.

ಇನ್ನೊಂದು ಸಂಗತಿಯನ್ನು ಆಕೆ ಮೊದಲ ವಾರವೇ ಗಮನಿಸಿದಳು, ಆದರೆ ಅದರ ತೂಕ ಆಗ ತಿಳಿಯಲಿಲ್ಲ. ಈ ಗಾಡಿಯಲ್ಲಿ ಆಕ್ಸಿಲರೇಟರಿನಿಂದ ಕಾಲೆತ್ತಿದರೆ ಸಾಕು, ಗಾಡಿ ತಾನೇ ನಿಧಾನವಾಗಿ ಬಂದು ನಿಲ್ಲುತ್ತದೆ. ಕಲಿಯುವವರು ಇಡೀ ಪಾಠದಲ್ಲಿ ಬ್ರೇಕನ್ನು ಮುಟ್ಟುವುದೇ ಅಪರೂಪ.

ಆಕೆಯ ಮಗ ಲಿಫ್ಟ್ ರಿಪೇರಿ ಮಾಡುವವನು. ಇದನ್ನೆಲ್ಲ ಕೇಳಿ ನಕ್ಕ.

"ಅಮ್ಮ, ಲಿಫ್ಟಲ್ಲೂ ಮೊದಲು ಒಬ್ಬ ಇರ್ತಿದ್ದ. ಸ್ಟೂಲ್ ಹಾಕ್ಕೊಂಡು ಕೂತು ಬಟನ್ ಒತ್ತೋನು."

"ಅವನೇನಾದ?"

"ಗೊತ್ತಿಲ್ಲ. ಸ್ಟೂಲು ನಮ್ಮ ಗೋಡೌನಲ್ಲಿದೆ."

"ಅದರ ಮೇಲೆ ನನ್ನ ಹೆಸರು ಬರೆಸಿಡು."

ಸೊಸೆ ದೊಡ್ಡಾಸ್ಪತ್ರೆಯ ವಾರ್ಡಿನಲ್ಲಿ ನರ್ಸು. ಮೇಲಿಂದ ಮೇಲೆ ಪಾಳಿ ಬದಲು, ಮಲಗಿದ ರೋಗಿಗಳನ್ನು ಎತ್ತಿ ಹೊರಳಿಸುವ ಕೆಲಸ. ಸೊಂಟ ಹಿಡಿದುಕೊಂಡಿತ್ತು. ಬೆಳಗ್ಗೆ ಮಂಚದಿಂದ ಏಳುವಾಗ ಮೊದಲು ಗೋಡೆ ಹಿಡಿದು, ಆಮೇಲೆ ಬೀರು ಹಿಡಿದು ನೆಟ್ಟಗಾಗುತ್ತಿದ್ದಳು. ಆಸ್ಪತ್ರೆಯಲ್ಲಿ ಮನೆಗಳಿಗೆ ಹೋಗಿ ಆರೈಕೆ ಮಾಡುವ ವಿಭಾಗವೊಂದು ಹೊಸದಾಗಿ ಶುರುವಾಯಿತು. ಹಗಲು ಕೆಲಸ, ಭಾರ ಎತ್ತುವಂತಿಲ್ಲ, ಓಡಾಡಲು ಆಸ್ಪತ್ರೆಯದೇ ಎಲೆಕ್ಟ್ರಿಕ್ ಕಾರು. ಸೊಸೆಯ ಹೆಸರು ಆಯ್ಕೆಯಾಯಿತು. ಅವಳ ಬಳಿ ಎಂದೋ ಪಡೆದ ಲೈಸೆನ್ಸ್ ಇತ್ತು, ಆದರೆ ಓಡಿಸಿದ್ದಿಲ್ಲ. ಇಂಥ ಕಾರನ್ನು ಓಡಿಸಲು ಸಿದ್ಧಳೆಂದು ಡ್ರೈವಿಂಗ್ ಶಾಲೆಯ ಚೀಟಿ ತಂದರೆ ಆ ಕೆಲಸ. ಗಡುವಿನೊಳಗೆ ತರದಿದ್ದರೆ ಪಟ್ಟಿಯಲ್ಲಿ ಮುಂದಿನವರಿಗೆ. ಸೊಸೆ ಮತ್ತೆ ವಾರ್ಡಿಗೆ.

ಮನೆಯವರಿಗೆ ತಾವೇ ಕಲಿಸಬಾರದೆಂಬುದು ಆ ಕಸುಬಿನ ಮೊದಲ ಪಾಠ. ಮಾಲೀಕ ಹೇಳಿದ, ಮಗ ಹೇಳಿದ, ನಾನೂ ಹೇಳಿದೆ. ಸೊಸೆ ಕೇಳಲಿಲ್ಲ. "ಬೇರೆಯವರು ನನ್ನ ಮುಖ ನೋಡಿ ಸಹಿ ಹಾಕಿಬಿಡ್ತಾರೆ. ನಮ್ಮತ್ತೆ ಹಾಕಲ್ಲ. ಅದಕ್ಕೇ ಅವ್ರು ಬೇಕು" ಎಂದಳು. ಆಮೇಲೆ ಈ ಮಾತು ಅವಳಿಗೇ ತಿರುಗಿಬಿತ್ತು.

ಪಾಠಗಳು ಹೇಗೆ ನಡೆದವೆಂದು ಬಲ್ಲವರು ಬಲ್ಲರು.

"ಕನ್ನಡಿ ನೋಡು. ಹಿಂದೆ ಯಾರಿದಾರೆ?"

"ಯಾರೂ ಇಲ್ಲ ಅತ್ತೆ."

"ಪಾಠದಲ್ಲಿ ನಾನು ಅತ್ತೆ ಅಲ್ಲ."

"ಹಾಗಾದ್ರೆ ಒಗೆದ ಬಟ್ಟೆ ಬಕೆಟ್ಟಲ್ಲೇ ಕೊಳೀತಿದೆ ಅನ್ನೋದನ್ನೂ ಪಾಠದಲ್ಲಿ ತೆಗೀಬೇಡಿ, ಮೇಡಂ."

"ಕೊಳೀತಿರೋದು ನಿಜ ತಾನೆ?"

"ಹಿಂದೆ ಒಂದು ಬಸ್ಸಿದೆ, ಮೇಡಂ."

"ಈಗ ಕಂಡಿತಾ?"

ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂದು ಮಗ ಊಟಕ್ಕೆ ಕೂತಾಗ ಹಾಸ್ಯ ಮಾಡಿದರೆ, "ಈಗ ಇಬ್ಬರದೂ ಮುಗೀತು, ಗಾಡಿ ಕಾಲ" ಎಂದು ಸೊಸೆ ಉತ್ತರ ಕೊಟ್ಟಳು. ಕಲಿಯುವುದರಲ್ಲಿ ಅವಳು ಮಂದಳೇನಲ್ಲ. ಕೈ ಸ್ಥಿರ, ತಾಳ್ಮೆಯಿತ್ತು. ಮೂರು ಹಾದಿ ಕೂಡುವಲ್ಲಿ ಗಾಬರಿಯಾಗುತ್ತಿರಲಿಲ್ಲ. ಬ್ರೇಕಮ್ಮನಿಗೆ ಒಳಗೊಳಗೇ ಸಮಾಧಾನವಿತ್ತು. ಬಾಯಿ ಬಿಟ್ಟು ಹೇಳುವುದು ಅಭ್ಯಾಸವಿರಲಿಲ್ಲ.

ಗಡುವು ಹತ್ತಿರವಾಯಿತು. ಕೊನೆಯ ಪಾಠ; ಹೊಸ ಗಾಡಿಯಲ್ಲಿ ಆ ಹಂತಕ್ಕೆ ಬಂದವರಲ್ಲಿ ಸೊಸೆಯೇ ಮೊದಲಿಗಳು. ಬೆಳಗ್ಗೆ ಸಣ್ಣಗೆ ಮಳೆ ಹನಿಯುತ್ತಿತ್ತು. ಬ್ರೇಕಮ್ಮ ಪಕ್ಕದ ಸೀಟಿನಲ್ಲಿ ಕೂತು, ಮೂವತ್ತು ವರ್ಷದ ರೂಢಿಯಂತೆ ಬಲಗಾಲಿನ ಚಪ್ಪಲಿ ಬಿಚ್ಚಿ ಬದಿಗಿಟ್ಟಳು. ಅಲ್ಲಿ ಏಣುಗಳ ಬ್ರೇಕಿಲ್ಲ, ಚಾಪೆ ಮಾತ್ರವೆಂಬುದು ಆಕೆಗೆ ಹೊಳೆಯಲಿಲ್ಲ. ಸೊಸೆಗೂ ಹೊಳೆಯಲಿಲ್ಲ. ಎಷ್ಟೋ ಜನರಿಂದ ಆ ಪದ್ಧತಿಯ ಕಥೆ ಕೇಳಿದ್ದ ಸೊಸೆ, ತನ್ನ ಸರದಿಯೂ ಬಂತೆಂದು ಚಪ್ಪಲಿಯತ್ತ ನೋಡಿ ಬೆನ್ನು ನೆಟ್ಟಗೆ ಮಾಡಿಕೊಂಡಳು.

ಅಗಲ ರಸ್ತೆಗಳಲ್ಲಿ ಏನೂ ಆಗಲಿಲ್ಲ. ಹಿಂತಿರುಗುವಾಗ ಅಂಗಡಿಸಾಲಿನ ಕಿರಿದಾದ ಬೀದಿ. ಇಬ್ಬರ ಉಸಿರಿಗೆ ಮುಂದಿನ ಗಾಜು ಮಂಜಾಯಿತು. ಗಾಜಿನ ಮೇಲೆ ಗಾಳಿ ಬಿಡುವುದು ಸ್ಕ್ರೀನಿನೊಳಗೆ. ಸೊಸೆ ಬೆರಳಿಟ್ಟಳು, ಸ್ಕ್ರೀನ್ ಕದಲಲಿಲ್ಲ. ದಿನಕ್ಕೆ ಅದೆಷ್ಟೋ ಸಲ ಔಷಧದ ದ್ರವದಲ್ಲಿ ಕೈ ತೊಳೆಯುವ ನರ್ಸಿನ ಬೆರಳು ಅತ್ತೆಯ ಬೆರಳಿನಷ್ಟೇ ಒಣಗಿತ್ತು. ಮತ್ತೆ ಒತ್ತಿದಳು. ಬೇರೆ ಯಾವುದೋ ಪುಟ ತೆರೆಯಿತು, ಹಾಡಿನದೋ ಭೂಪಟದ್ದೋ. ಅದನ್ನು ಮುಚ್ಚಲು ತಲೆ ತಗ್ಗಿಸಿದಳು.

ಅಷ್ಟರಲ್ಲಿ ನೀರಿನ ಕ್ಯಾನು ತುಂಬಿದ ತಳ್ಳುಗಾಡಿಯೊಂದು ಸಂದಿಯಿಂದ ಬೀದಿಗೆ ಇಳಿಯಿತು.

ಬ್ರೇಕಮ್ಮನ ಕಾಲು ತುಳಿಯಿತು. ಇದ್ದ ಬದ್ದ ಬಲವನ್ನೆಲ್ಲ ಹಾಕಿ ತುಳಿಯಿತು. ಗಾಡಿ ಕಿರ್ರೆಂದು ಕೂಗಿ ಗಕ್ಕನೆ ನಿಂತಿತು. ಸೀಟಿನ ಪಟ್ಟಿ ಇಬ್ಬರ ಎದೆಯನ್ನೂ ಹಿಂದಕ್ಕೆಳೆಯಿತು. ತಳ್ಳುಗಾಡಿಯವನು ಕಾರಿನ ಮೂತಿಗೆ ಕೈಯೂರಿ ನಿಂತಿದ್ದ. ಅಷ್ಟು ಹತ್ತಿರ.

"ಕಣ್ಣು ಡಿಕ್ಕೀಲಿಟ್ಟು ಬಂದಿದೀರಾ?" ಎಂದು ಕೂಗಿದ. ಆಮೇಲೆ ಮೇಲಿನ ಫಲಕ ನೋಡಿ, "ಓ, ಕಲಿಯೋರು. ಬೇರೆ ಬೀದೀಲಿ ಕಲೀರಮ್ಮ, ನಂಗೆ ಇರೋದು ಒಂದೇ ಸೊಂಟ" ಎಂದು ಬೈಯುತ್ತ ತಳ್ಳಿಕೊಂಡು ಹೋದ.

ಸೊಸೆ ಉಸಿರು ಬಿಟ್ಟಳು. "ಸರಿಯಾದ ಹೊತ್ತಿಗೆ ನಿಲ್ಲಿಸ್ದೆ" ಎಂದಳು. ಸುಳ್ಳು ಹೇಳುತ್ತಿರಲಿಲ್ಲ. ಶಾಲೆಯ ಅಂಗಳಕ್ಕೆ ಬಂದು ಗಾಡಿ ನಿಲ್ಲಿಸಿದ ಮೇಲೆ ತಿರುಗಿ ಕೇಳಿದಳು: "ಅತ್ತೆ, ಅಂಗಾಲು ತೋರಿಸಿ."

ಬ್ರೇಕಮ್ಮ ಕಾಲೆತ್ತಿದಳು. ಅಂಗಾಲು ನುಣ್ಣಗಿತ್ತು.

"ಗೆರೆ ಇಲ್ಲ!" ಸೊಸೆಯ ಮುಖ ಅರಳಿತು. "ನೀವು ಮುಟ್ಟೇ ಇಲ್ಲ!"

ಆಗ ಬ್ರೇಕಮ್ಮ ಕೆಳಗೆ ನೋಡಿದಳು. ಚಾಪೆ. ಏಣಿಲ್ಲ, ಸರಳಿಲ್ಲ, ಬ್ರೇಕಿಲ್ಲ. ತಾನು ತುಳಿದದ್ದು ಏನನ್ನು? ಗಂಡನ ಹಾಗೆ ಬರಿ ನೆಲವನ್ನು. ಗಾಡಿಯನ್ನು ನಿಲ್ಲಿಸಿದ್ದು ತಾನಲ್ಲ. ಸೊಸೆಯ ಪಾದ ಎಲ್ಲಿತ್ತೆಂದು ನೆನಪಿಸಿಕೊಂಡಳು: ಆಕ್ಸಿಲರೇಟರಿನಿಂದ ಮೇಲೆದ್ದಿತ್ತು, ಅಲ್ಲೇ ನಿಂತಿತ್ತು, ಬ್ರೇಕಿನ ಕಡೆ ಹೋಗಿರಲಿಲ್ಲ. ಮೂವತ್ತು ವರ್ಷ ಬೇರೆಯವರ ಪಾದಗಳನ್ನು ಕಡೆಗಣ್ಣಲ್ಲಿ ನೋಡುತ್ತ ಕೂತ ಹೆಂಗಸು, ಅದರಲ್ಲಿ ತಪ್ಪಾಗುವುದಿಲ್ಲ. ತಾನು ನಿಲ್ಲಿಸಿದೆನೆಂದು ಸೊಸೆ ನಂಬಿದ್ದಳು, ಏಕೆಂದರೆ ಅವಳು ಕಾಲೆತ್ತಿದ್ದಳು, ಗಾಡಿ ನಿಂತಿತ್ತು. ಇಬ್ಬರೂ ನಿಲ್ಲಿಸಿರಲಿಲ್ಲ. ಗಾಡಿಯೇ ನಿಂತಿತ್ತು.

"ಚೀಟಿ ಕೊಡಲ್ಲ" ಎಂದಳು.

"ಯಾಕೆ?"

"ನೀನು ನಿಲ್ಲಿಸ್ಲಿಲ್ಲ."

"ಮತ್ಯಾರು ನಿಲ್ಲಿಸಿದ್ರು? ನೀವಾ? ಅಂಗಾಲಲ್ಲಿ ಗೆರೆ ಎಲ್ಲಿ?"

ಬ್ರೇಕಮ್ಮ ತಾನೇ ಮಾಡಿದ ಕಾನೂನು ಆಕೆಯನ್ನೇ ಸುಳ್ಳುಗಾತಿ ಮಾಡಿ ಕೂರಿಸಿತ್ತು. ಎಡಗೈಯಲ್ಲಿ ಚಪ್ಪಲಿ ಹಿಡಿದುಕೊಂಡು ಇಳಿದು ಶೆಡ್ಡಿಗೆ ಹೋದಳು.

ಮನೆಯಲ್ಲಿ ಜಗಳವೆಂದು ಕರೆಯುವಂಥದ್ದು ನಡೆಯಲಿಲ್ಲ. ಇಬ್ಬರಿಗೂ ಅಷ್ಟು ತ್ರಾಣವಿರಲಿಲ್ಲ. ಸೊಸೆ ಪಾಳಿ ಮುಗಿಸಿ ಬಂದು, ಕುರ್ಚಿಯಲ್ಲಿ ಕೂತು, ಸೊಂಟಕ್ಕೆ ದಿಂಬು ಒತ್ತಿಕೊಂಡು ಅತ್ತೆಯ ಕಡೆ ನೋಡದೆ ಮಾತಾಡಿದಳು.

"ಆ ಗಾಡಿ ಇರೋದೇ ಹಾಗೆ. ನಂಗೆ ಕೊಡೋದೂ ಅಂಥದ್ದೇ ಗಾಡಿ. ಅದು ತಾನೇ ನಿಲ್ಲುತ್ತೆ ಅಂದ್ರೆ ನಿಲ್ಲಲಿ. ಯಾರು ನಿಲ್ಲಿಸಿದ್ರೇನು, ಆ ಮನುಷ್ಯ ಬದುಕಿದ ತಾನೆ?"

"ಬದುಕಿದ."

"ಮತ್ತೆ?"

"ನಾಳೆ ಅದಕ್ಕೆ ಕಾಣದಿದ್ರೆ?"

"ನಿಮಗೆ ನಾನು ವಾರ್ಡಲ್ಲೇ ಸಾಯ್ಬೇಕು, ಅಷ್ಟೆ."

ಮಗ ನಡುವೆ ಬಾಯಿ ಹಾಕಿದ. "ಅಮ್ಮ, ಲಿಫ್ಟಿನ ಹಗ್ಗ ಕಡಿದ್ರೂ ಅದು ಬೀಳಲ್ಲ. ತಾನೇ ಹಿಡ್ಕೊಳ್ಳೋಕೆ ಬ್ರೇಕಿದೆ. ಜನ ನಂಬಿ ಹತ್ತಲ್ವಾ?"

"ಆ ಬ್ರೇಕನ್ನ ಯಾರು ನೋಡ್ತಾರೆ?"

"ನಾನು. ತಿಂಗಳು ತಿಂಗಳು."

"ಅದೇ. ನೀನೊಬ್ಬ ಇದೀಯ."

ಮಗ ತಟ್ಟೆ ಎತ್ತಿಕೊಂಡು ಒಳಗೆ ಹೋದ. ಅಡಕತ್ತರಿಯ ನಡುವೆ ಸಿಕ್ಕ ಅಡಕೆ ತಾನಾಗಬಾರದೆಂಬ ಜಾಣತನ ಅವನಿಗೆ ಮದುವೆಯಾದ ವರ್ಷವೇ ಬಂದಿತ್ತು.

ಮರುದಿನ ಸೊಸೆ ಶಾಲೆಯ ಮಾಲೀಕನನ್ನು ನೋಡಿದಳು. ಅವನು ಕಥೆ ಪೂರ್ತಿ ಕೇಳಲೂ ಇಲ್ಲ. "ಅಯ್ಯೋ, ನಿಮ್ಮತ್ತೆ ಹಳೇ ಕಾಲದೋರು. ಗಾಡಿ ಕೆಲಸ ಗಾಡಿ ಮಾಡಿದ್ರೆ ಅವ್ರಿಗ್ಯಾಕೆ ಬೇಜಾರು?" ಎಂದು ತಾನೇ ಚೀಟಿಗೆ ಸಹಿ ಹಾಕಿ ಮೊಹರು ಒತ್ತಿದ. ಸೊಸೆ ಅದನ್ನು ಕೈಚೀಲದ ಒಳಜೇಬಿನಲ್ಲಿಟ್ಟುಕೊಂಡಳು. ಬೇರೆಯವರ ಸಹಿ ಬೇಡವೆಂದವಳು ತಾನೇ ಎಂಬುದು ಅವಳಿಗೆ ನೆನಪಿತ್ತು. ಚೀಲ ಹಗುರವೆನಿಸಲಿಲ್ಲವಂತೆ.

ಗಡುವಿನ ದಿನ ಬೆಳಗ್ಗೆ ಅವಳು ಹೊರಟು ನಿಂತಾಗ ಬ್ರೇಕಮ್ಮ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದಳು.

"ಚೀಟಿ ಸಿಕ್ತಂತೆ."

"ಹೂಂ. ಸಿಕ್ತು."

"ಹೋಗಿ ಕೊಡು, ನಾನು ತಡೆಯಲ್ಲ. ದಾರೀಲಿ ಒಂದು ಸಲ ಶಾಲೆ ಅಂಗಳಕ್ಕೆ ಬಂದು ಹೋಗು."

"ಯಾಕೆ, ಬೈಯೋಕೆ ಮನೇಲಿ ಜಾಗ ಸಾಲ್ದಾ?"

"ಬೈಯೋಕೆ ನಂಗೆ ಮಂಡೀಲಿ ಶಕ್ತಿ ಇಲ್ಲ. ಬಾ."

ಅಂಗಳದಲ್ಲಿ ಬಿಳಿ ಗೆರೆಗಳನ್ನು ಎಳೆದು ಹಾದಿ ಮಾಡಿದ್ದರು. ಆಕೆ ಶೆಡ್ಡಿನಿಂದ ದೊಡ್ಡದೊಂದು ಖಾಲಿ ರಟ್ಟಿನ ಪೆಟ್ಟಿಗೆಯನ್ನು ಕುಂಟುತ್ತ ಎಳೆದು ತಂದು ಹಾದಿಯ ಕೊನೆಯಲ್ಲಿಟ್ಟಳು. ಕಾರಿನೊಳಗೆ ಕೂತು ಬೆರಳಿಗೆ ಉಸಿರು ಬಿಟ್ಟು, ಪುಟದೊಳಗೆ ಪುಟ ತೆರೆದು, ತಾನೇ ಬ್ರೇಕು ಹಾಕಿಕೊಳ್ಳುವುದನ್ನೂ ಆಫ್ ಮಾಡಿದಳು. ಸ್ಕ್ರೀನ್ ಎರಡೆರಡು ಸಲ ಖಚಿತವೇ ಎಂದು ಕೇಳಿತು. ಹೌದೆಂದು ಒತ್ತಿದಳು.

"ಅವತ್ತಿನ ವೇಗದಲ್ಲೇ ಹೋಗು. ಹೋಗ್ತಾ ಗಾಜಿಗೆ ಗಾಳಿ ಹಾಕು. ಪೆಟ್ಟಿಗೆ ಮುಂದೆ ನಿಲ್ಲಿಸು."

"ಪೆಟ್ಟಿಗೆ ಇದೆ ಅಂತ ನಂಗೆ ಗೊತ್ತಿದೆಯಲ್ಲ ಅತ್ತೆ. ಇದೆಂಥ ಪರೀಕ್ಷೆ?"

"ಗೊತ್ತಿದ್ದೂ ನೋಡೋಣ."

ಸೊಸೆ ಹೊರಟಳು. ಸ್ಕ್ರೀನಿಗೆ ಬೆರಳಿಟ್ಟಳು. ಕದಲಲಿಲ್ಲ. ಮತ್ತೆ ಒತ್ತಿದಳು, ಕಣ್ಣು ಇಳಿಯಿತು. ತಲೆಯೆತ್ತಿದಾಗ ಪೆಟ್ಟಿಗೆ ಎದುರಿಗಿತ್ತು. ಅವಳ ಕಾಲು ಕಲಿತದ್ದನ್ನೇ ಮಾಡಿತು: ಮೇಲೆದ್ದಿತು. ಗಾಡಿ ಸದ್ದಿಲ್ಲದೆ, ಮರ್ಯಾದೆಯಿಂದ, ನಿಧಾನವಾಗುತ್ತ ಹೋಗಿ ಪೆಟ್ಟಿಗೆಯನ್ನು ಮುಟ್ಟಿತು, ಮಡಚಿತು, ಮುಂದಿನ ಚಕ್ರದ ಕೆಳಗೆ ತೆಗೆದುಕೊಂಡಿತು. ಆಮೇಲೆ ನಿಂತಿತು.

ಪಕ್ಕದ ಸೀಟಿನಲ್ಲಿ ಬ್ರೇಕಮ್ಮನ ಕಾಲು ಚಾಪೆಗೆ ಊರಿಕೊಂಡು ಕಲ್ಲಾಗಿತ್ತು.

ಸೊಸೆ ಇಳಿದಳು. ಸೊಂಟ ಬಗ್ಗದವಳು ಮಂಡಿಯೂರಿ ಕೂತು ಚಕ್ರದಡಿಯಿಂದ ರಟ್ಟನ್ನು ಎಳೆದಳು. ಅದು ಪೂರ್ತಿ ಬರಲಿಲ್ಲ, ಹರಿದು ಅರ್ಧ ಕೈಗೆ ಬಂತು. ಕ್ಯಾನಿನವನ ಒಂದೇ ಸೊಂಟದ ಮಾತು ಆಗ ನೆನಪಾಯಿತೆಂದು ನನಗೆ ಹೇಳಿದಳು. ಅದು ನಗುವ ಮಾತಾಗಿತ್ತು. ಅವಳಿಗೆ ನಗು ಬರಲಿಲ್ಲ.

"ನಾನು ಬ್ರೇಕೇ ಮುಟ್ಟಲಿಲ್ಲ" ಎಂದಳು.

"ಹೂಂ."

"ಅವತ್ತೂ?"

"ಅವತ್ತೂ. ನಾನೂ ಮುಟ್ಟಲಿಲ್ಲ. ನಂಗೆ ಮುಟ್ಟೋಕೆ ಬ್ರೇಕೇ ಇರಲಿಲ್ಲ. ಚಪ್ಪಲಿ ಬಿಚ್ಚಿ ಕೂತಿದ್ದೆ, ಮೂರ್ಖಳ ಹಾಗೆ."

ಬ್ರೇಕಮ್ಮ ತನ್ನನ್ನು ತಾನು ಆ ಮಾತಿನಿಂದ ಕರೆದುಕೊಂಡದ್ದನ್ನು ಸೊಸೆ ಕೇಳಿದ್ದು ಅದೊಂದೇ ಸಲ. ಅವಳು ಎದ್ದು, ಶೆಡ್ಡಿನೊಳಗೆ ಹೋಗಿ ಆಸ್ಪತ್ರೆಗೆ ಫೋನು ಮಾಡಿ, ಚೀಟಿ ಈಗ ಕೊಡಲಾಗುವುದಿಲ್ಲವೆಂದು ತಿಳಿಸಿದಳು. ಯಾಕೆಂದು ಆ ಕಡೆಯಿಂದ ಕೇಳಿರಬೇಕು. "ಇನ್ನೂ ಓಡಿಸೋಕೆ ಬರಲ್ಲ, ಅದಕ್ಕೆ" ಎಂದಳು. ಅತ್ತೆ ಭೇಷ್ ಎನ್ನಲಿಲ್ಲ. ಸೊಸೆಯೂ ಅದಕ್ಕಾಗಿ ಕಾಯಲಿಲ್ಲ; ಪಾಳಿಗೆ ಹೊತ್ತಾಗಿತ್ತು.

ಕೆಲಸ ಪಟ್ಟಿಯಲ್ಲಿ ಮುಂದಿದ್ದವಳಿಗೆ ಹೋಯಿತು. ಆ ಹುಡುಗಿ ತನ್ನ ಹೊಸ ಕಾರಿನ ಪಕ್ಕ ನಿಂತು ತೆಗೆಸಿಕೊಂಡ ಪಟ ವಾರ್ಡಿನವರ ಫೋನುಗಳಲ್ಲೆಲ್ಲ ಓಡಾಡಿತು. ಸೊಸೆಯೂ ನೋಡಿದಳು. ಮುಂದಿನ ತಿಂಗಳುಗಳಲ್ಲಿ ಅವಳು ಗೋಡೆ ಹಿಡಿದು, ಬೀರು ಹಿಡಿದು ಏಳುವುದು ತಪ್ಪಲಿಲ್ಲ. ಒಂದು ವಾರ ಏಳಲಾಗದೆ ಮಲಗಿಯೇ ಇದ್ದಳು. ಸರಿಯಾದದ್ದನ್ನು ಮಾಡಿದವರ ಸೊಂಟ ಬೇಗ ವಾಸಿಯಾಗುತ್ತದೆಂದು ಯಾವ ವೈದ್ಯರೂ ಹೇಳಿಲ್ಲ.

ಪಾಠ ಮತ್ತೆ ಶುರುವಾದದ್ದು ಶೆಡ್ಡಿನ ಮೂಲೆಯ ಹಳೆಯ ಗಾಡಿಯಲ್ಲಿ. ಗಿರಾಕಿ ಸಿಗುವವರೆಗೆ ಬಳಸಿಕೊಳ್ಳಿ ಎಂದ ಮಾಲೀಕ. ಅವನು ಕೆಟ್ಟವನಲ್ಲ, ಅವಸರದವನು. ಸೊಸೆಗೆ ರಜೆಯಿದ್ದಾಗಲೆಲ್ಲ ಇಬ್ಬರೂ ಹೊದಿಕೆ ತೆಗೆದು, ಧೂಳು ಒರೆಸಿ ಹೊರಡುತ್ತಿದ್ದರು. ಆ ಗಾಡಿಯಲ್ಲಿ ಕಾಲೆತ್ತಿದರೆ ಗಾಡಿ ತನ್ನ ಪಾಡಿಗೆ ಓಡುತ್ತದೆ, ನಿಲ್ಲಬೇಕಾದರೆ ನಿಲ್ಲಿಸಬೇಕು. ಸೊಸೆಯ ಪಾದ ಮೊದಲಿನಿಂದ ಕಲಿಯಿತು. ಮೊದಲ ಸಲ ಬ್ರೇಕಮ್ಮ ಚಪ್ಪಲಿ ಬಿಚ್ಚಿದಾಗ ಅಂಗಾಲಿನಲ್ಲಿ ಗೆರೆ ಬಿತ್ತು.

"ಎಷ್ಟು ಗೆರೆ?"

"ಬಿದ್ದ ಮೇಲೆ ಎಷ್ಟಾದ್ರೇನು? ಇನ್ನೊಂದು ವಾರ."

ಎರಡನೆಯ ಸಲವೂ ಬಿತ್ತು. ಆಮೇಲೊಂದು ದಿನ ಬೀಳಲಿಲ್ಲ. ಸೊಸೆ ನೋಡಲು ಬಗ್ಗಲಿಲ್ಲ, ಬಗ್ಗಲು ಸೊಂಟ ಬಿಡಲಿಲ್ಲ. ಅತ್ತೆಯೇ ನೋಡಿಕೊಂಡು, ಚಪ್ಪಲಿ ಮೆಟ್ಟಿ, ಒಳಗೆ ಹೋಗಿ ಚೀಟಿಗೆ ಸಹಿ ಹಾಕಿದಳು. ಕೆಲಸ ಖಾಲಿಯಾಗುವವರೆಗೂ ಆ ಚೀಟಿ ಬೀರುವಿನಲ್ಲಿ ಕಾಯಿತು. ಫೋಟೊ ತೆಗೆಸಿಕೊಂಡ ಹುಡುಗಿ ಬೇರೆ ಆಸ್ಪತ್ರೆಗೆ ಹೋದಾಗ ಸೊಸೆಯ ಸರದಿ ಬಂತು.

ಅಷ್ಟು ಹೊತ್ತಿಗೆ ಹೊಸ ಗಾಡಿಗೆ ಎರಡನೆಯ ಬ್ರೇಕಿನ ಕಿಟ್ಟೂ ಬಂದಿತ್ತು. ಬ್ರೇಕಮ್ಮನ ಮಂಡಿ ಮಾತ್ರ ಬರಲಿಲ್ಲ. ಕೆಲಸ ಬಿಟ್ಟಳು. ಶಾಲೆಯವರು ಬೀಳ್ಕೊಡುಗೆ ಮಾಡುತ್ತೇವೆಂದರೆ ಬೇಡವೆಂದಳು. ಹಳೆಯ ಗಾಡಿಯನ್ನು ಗುಜರಿಯವನು ಒಯ್ದ ದಿನ ನೋಡಲೂ ಹೋಗಲಿಲ್ಲ. ಈಗ ಮನೆಯಲ್ಲಿ ಕುರ್ಚಿಯ ಮೇಲೆ ಕಾಲು ನೀಡಿಕೊಂಡು ಕೂತಿರುತ್ತಾಳೆ. ಎರಡೂ ಚಪ್ಪಲಿ ಸಮನಾಗಿ ಸವೆಯುತ್ತಿವೆ.

ಮೊನ್ನೆ ಸೊಸೆ ಕೆಲಸದ ದಾರಿಯಲ್ಲಿ ಆಕೆಯನ್ನು ಮಂಡಿಯ ವೈದ್ಯರ ಬಳಿಗೆ ಬಿಡಲು ಹೊರಟಳು. ನನಗೂ ಆ ಕಡೆ ಕೆಲಸವಿತ್ತು, ಹಿಂದಿನ ಸೀಟಿನಲ್ಲಿ ಕೂತೆ. ಮಳೆ. ಮೂವರ ಉಸಿರಿಗೆ ಗಾಜು ಮಂಜಾಯಿತು. ಸೊಸೆ ಕನ್ನಡಿ ನೋಡಿ, ಬದಿಗೆ ತಂದು, ಬ್ರೇಕು ಒತ್ತಿ ಗಾಡಿಯನ್ನು ಪೂರ್ತಿ ನಿಲ್ಲಿಸಿದಳು. ಆಮೇಲೆ ಬೆರಳಿಗೆ ಉಸಿರು ಬಿಟ್ಟು ಸ್ಕ್ರೀನ್ ಮುಟ್ಟಿದಳು. ಹಿಂದಿನ ಗಾಡಿಗಳು ಹಾರನ್ ಹೊಡೆದವು. ಅವಳು ಅವಸರ ಮಾಡಲಿಲ್ಲ. ಗಾಜು ಕೆಳಗಿನಿಂದ ನಿಧಾನವಾಗಿ ತಿಳಿಯಾಗತೊಡಗಿತು.

"ಅತ್ತೆ, ಗಾಡಿ ನಿಂತು ಎಷ್ಟೊತ್ತಾಯ್ತು. ಕಾಲು ತೆಗೀರಿ."

ಬ್ರೇಕಮ್ಮ ಕೆಳಗೆ ನೋಡಿದಳು. ಬಲಗಾಲು ಚಾಪೆಯನ್ನು ಗಟ್ಟಿಯಾಗಿ ತುಳಿದುಕೊಂಡಿತ್ತು. ಎರಡೂ ಕೈಯಿಂದ ಮಂಡಿ ಹಿಡಿದು ಅದನ್ನು ಎತ್ತಿ ಪಕ್ಕಕ್ಕಿಟ್ಟಳು.

"ವೈದ್ಯರು ಎದ್ದು ಹೋಗ್ತಾರೆ," ಎಂದಳು. "ಹೊರಡು."